ಲಸಿಕೆಯ ಫ್ರಿಜ್ಜು ಗೇರ್‌ಬಾಕ್ಸ್ ಮುರಿಯಿತಂತೆ

ವಾಹನ ಕಂಪನಿಯ ವಾರಂಟಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮಗೆ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ವಾಹನ ನನ್ನದಲ್ಲ, ನನಗೆ ಲೈಸೆನ್ಸೂ ಇಲ್ಲ. ಡಿಗ್ರಿ ಮೊದಲ ವರ್ಷದ ಇಂಟರ್ನಲ್ಸ್‌ಗೆ ಓದಿಕೊಳ್ಳಬೇಕಾದವಳು ನಾನು. ಆದರೆ ನನ್ನ ಚಿಕ್ಕಮ್ಮನ ಜೀಪು ನಲವತ್ತೊಂದು ದಿನಗಳಿಂದ ನಿಮ್ಮ ಸರ್ವಿಸ್ ಸೆಂಟರಿನ ಹಿಂದೆ, ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು, ಹೊಟ್ಟೆ ಕೊಯ್ದು ಹೊಲಿಯದೆ ಬಿಟ್ಟ ರೋಗಿಯ ಹಾಗೆ ಬಿದ್ದಿದೆ. ಅದಕ್ಕೆ ವಾರಂಟಿ ಇಲ್ಲವೆಂದು ನೀವು ಬರೆದಿದ್ದೀರಿ. ಕಾರಣ ಎರಡು. ಒಂದು, ಹಿಂಬದಿಗೆ ಕೂಡಿಸಿದ ಫ್ರಿಜ್ಜು. ಇನ್ನೊಂದು, ನಾನು.

ಚಿಕ್ಕಮ್ಮ ದನದ ಡಾಕ್ಟರು. ಅವರ ರೋಗಿಗಳು ಟೋಕನ್ ಹಿಡಿದು ಬೆಂಚಿನ ಮೇಲೆ ಕೂರುವುದಿಲ್ಲ. ಕಲ್ಲುಕ್ವಾರಿಯಾಚೆ ಹಳ್ಳ ದಾಟಿ, ಗುಡ್ಡದ ಮೇಲಿನ ಕೊಟ್ಟಿಗೆಗಳಲ್ಲಿ ಮಲಗಿರುತ್ತವೆ. ನಿಮ್ಮ ಜಾಹೀರಾತಿನಲ್ಲಿ ಈ ಜೀಪು ಬಂಡೆ ಹತ್ತಿ ಹೊಳೆ ಸೀಳುವುದನ್ನು ನೋಡಿಯೇ ಅವರು ಕೊಂಡದ್ದು. ಆಮೇಲೆ ಮಾಡಿಸಿದ ಮಾರ್ಪಾಡು ಎರಡೇ. ಲಸಿಕೆ ಕೆಡದಿರಲೆಂದು ಹಿಂದಿನ ಸೀಟು ತೆಗೆದು ಒಂದು ಚಿಕ್ಕ ಫ್ರಿಜ್ಜು, ಅದಕ್ಕೆ ಪ್ರತ್ಯೇಕ ಬ್ಯಾಟರಿ. ಕೆಸರಿನಲ್ಲಿ ಹೂತರೆ ಮರಕ್ಕೆ ಹಗ್ಗ ಬಿಗಿದು ಎಳೆದುಕೊಳ್ಳಲು ಮುಂದುಗಡೆ ಒಂದು ವಿಂಚು.

ಕದ್ದುಮುಚ್ಚಿ ಮಾಡಿಸಿದ್ದೆಂದು ತಿಳಿಯಬೇಡಿ. ಹನ್ನೊಂದು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಕಿಟಕಿ ತೆರೆಯಲೂ ವಾರ್ಡನ್ ಸಹಿ ಕೇಳಿದವಳು. ನಿಮ್ಮ ಅರವತ್ತೆರಡು ಪುಟದ ವಾರಂಟಿ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದೆ. ಬಹುಶಃ ನೀವೂ ಅಷ್ಟು ಓದಿರಲಿಕ್ಕಿಲ್ಲ. ಮಾರ್ಪಾಡಿನಿಂದಲೇ ಉಂಟಾದ ದೋಷಕ್ಕೆ ಮಾತ್ರ ವಾರಂಟಿ ಸಿಗದು, ಉಳಿದದ್ದಕ್ಕೆಲ್ಲ ಸಿಗುತ್ತದೆ ಎಂದು ಅದರಲ್ಲಿದೆ. ಆದ್ದರಿಂದ ನಿಮ್ಮದೇ ಪಟ್ಟಿಯಲ್ಲಿದ್ದ ಫ್ರಿಜ್ಜು, ನಿಮ್ಮದೇ ಪಟ್ಟಿಯಲ್ಲಿದ್ದ ವಿಂಚು ಆರಿಸಿದೆವು. ಮೊದಲೇ ಪತ್ರ ಬರೆದು ನಿಮ್ಮ ಕಚೇರಿಯ ಮೊಹರು ಬಿದ್ದ ಅನುಮತಿ ತರಿಸಿದೆವು. ನಿಮ್ಮ ವರ್ಕ್‌ಶಾಪಿನಲ್ಲೇ ಕೂಡಿಸಿದೆವು. ಮೂಲ ವೈರು ಒಂದನ್ನೂ ಕತ್ತರಿಸಲಿಲ್ಲ. ಸರ್ವಿಸ್ ಒಂದು ದಿನವೂ ತಪ್ಪಲಿಲ್ಲ. ಬಿಚ್ಚಿದ ಸೀಟು, ಬೋಲ್ಟುಗಳಿಗೆ ಚಿಕ್ಕಮ್ಮ ಹಸುವಿನ ಕಿವಿಗೆ ಹಾಕುವ ಹಳದಿ ಬಿಲ್ಲೆ ಕಟ್ಟಿ, ತಾರೀಕು ಬರೆದು ತೆಗೆದಿಟ್ಟರು. ನಿಮ್ಮ ಸರ್ವಿಸ್ ಅಡ್ವೈಸರ್ ಬಿದ್ದು ಬಿದ್ದು ನಕ್ಕಿದ್ದರು: "ಏನ್ ಡಾಕ್ಟ್ರೇ, ಬೋಲ್ಟಿಗೂ ಚುಚ್ಚುಮದ್ದು ಹಾಕಿದೀರಾ?"

ಹದಿನಾಲ್ಕನೇ ತಿಂಗಳಿಗೆ ಮೂರನೇ ಗೇರು ತಾನಾಗಿ ಜಾರತೊಡಗಿತು. ಗಾಡಿ ಬಿಡಲು ಹೋದಾಗ ಅಡ್ವೈಸರ್ ಒಂದು ಫಾರಂ ಕೊಟ್ಟರು. ಅದರಲ್ಲಿ ‘ಗ್ರಾಹಕರ ಹೇಳಿಕೆ’ ಎಂದು ಅರ್ಧ ಪುಟ ಖಾಲಿ ಜಾಗ.

"ಪುಟ್ಟೀ, ನಿನ್ ಇಂಗ್ಲಿಷ್ ಚೆನ್ನಾಗಿದೆ, ನೀನೇ ಬರಿ. ಏನೂ ಬಿಡ್ಬೇಡ. ಹಳ್ಳಕ್ಕಿಳಿಸಿದ್ದು, ಆ ಎಮ್ಮೆ ಎಳೆದದ್ದು, ಎಲ್ಲಾ ಹಾಕು" ಎಂದರು ಚಿಕ್ಕಮ್ಮ.

"ಅದೆಲ್ಲಾ ಯಾಕೆ ಚಿಕ್ಕಮ್ಮಾ?"

"ಹಿಸ್ಟರಿ ಮುಚ್ಚಿಟ್ರೆ ಔಷಧಿ ಹೆಂಗೆ ಕೊಡೋದು? ಹಸು ಪ್ಲಾಸ್ಟಿಕ್ ತಿಂದಿದೆ ಅಂತ ಮನೆಯವ್ರು ಹೇಳ್ದೇ ಹೋದ್ರೆ, ನಾನೇನು ಒಳಗೆ ಇಣುಕಿ ನೋಡ್ಲಾ?"

ಬರೆದೆ. ಬರೆಯುತ್ತ ಬರೆಯುತ್ತ ನನ್ನೊಳಗಿನ ಪ್ರಬಂಧ ಸ್ಪರ್ಧೆಯ ಹುಡುಗಿ ಎದ್ದು ಕುಳಿತಳು. ವಾರಕ್ಕೆರಡು ಸಲ ಮೊಣಕಾಲುದ್ದದ ಹಳ್ಳ ದಾಟಿದ್ದು ‘ಅತ್ಯಂತ ವಿಪರೀತ ಸನ್ನಿವೇಶಗಳಲ್ಲಿ ನಿರಂತರ ಬಳಕೆ’ ಆಯಿತು. ಹೊಂಡಕ್ಕೆ ಬಿದ್ದ ಎಮ್ಮೆಯನ್ನು ಒಂದೇ ಒಂದು ಸಲ ವಿಂಚಿನಿಂದ ಎಳೆದದ್ದು ‘ಅಪಾರ ಭಾರ’ವಾಯಿತು. ಇಂಗ್ಲಿಷಿನಲ್ಲಿ ಇದು ಇನ್ನೂ ಗಂಭೀರವಾಗಿತ್ತು. ಅಡ್ವೈಸರ್ ಓದಿ, "ಸೂಪರ್ ಇಂಗ್ಲಿಷಮ್ಮಾ!" ಎಂದರು. ನಾನು ಹಿಗ್ಗಿದೆ. "ಇಲ್ಲೊಂದು ಸೈನ್" ಎಂದರು. ಹಾಕಿದೆ.

ಆರು ದಿನಕ್ಕೆ ನಿಮ್ಮ ನಿರಾಕರಣೆ ಬಂತು. ವಿದ್ಯುತ್ ಮಾರ್ಪಾಡು ಕಂಡುಬಂದಿದೆಯಂತೆ. ವಿಪರೀತ ಬಳಕೆಯನ್ನು ಗ್ರಾಹಕರ ಪ್ರತಿನಿಧಿಯೇ ಲಿಖಿತವಾಗಿ ಒಪ್ಪಿದ್ದಾರಂತೆ. ನನ್ನ ವಾಕ್ಯವನ್ನು ಅಲ್ಪವಿರಾಮವೂ ತಪ್ಪದಂತೆ ಉದ್ಧರಿಸಿದ್ದೀರಿ. ಹಾಸ್ಟೆಲ್ ಮ್ಯಾಗಝೀನಿನವರು ಕೂಡ ನನ್ನ ಬರಹಕ್ಕೆ ಇಷ್ಟು ಗೌರವ ಕೊಟ್ಟಿರಲಿಲ್ಲ.

ಸ್ವಾಮಿ, ಫ್ರಿಜ್ಜಿಗೂ ಗೇರ್‌ಬಾಕ್ಸಿಗೂ ಯಾವ ಕಡೆಯ ನೆಂಟಸ್ತಿಕೆ? ಲಸಿಕೆ ತಣ್ಣಗಿದ್ದರೆ ಮೂರನೇ ಗೇರಿಗೆ ನೆಗಡಿ ಹಿಡಿಯುತ್ತದೆಯೇ? ವಿಂಚು ತಿರುಗುವುದು ಬ್ಯಾಟರಿಯ ಬಲದಿಂದ. ಎಮ್ಮೆ ಎಳೆಯುವಾಗ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿತ್ತು. ನಿಂತ ಗಾಡಿಯ ಗೇರು ಯಾರ ಭಾರ ಹೊತ್ತು ಸವೆಯಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆ ಚಿಕ್ಕಮ್ಮನ ಕೆಲಸದಲ್ಲಿ ಲೈಸೆನ್ಸ್ ಹೋಗುತ್ತದೆ. ನಿಮ್ಮಲ್ಲಿ ಬಡ್ತಿ ಸಿಗುತ್ತದೇನೋ. ಇನ್ನು ವಿಪರೀತ ಸನ್ನಿವೇಶ! ಬಂಡೆ ಹತ್ತಿಸಿ ತೋರಿಸಿದವರು ನೀವು. ಹತ್ತಿದೆವು ಎಂದರೆ ತಪ್ಪು ನಮ್ಮದೇ? ಹಾಗಾದರೆ ಜಾಹೀರಾತಿನ ಕೆಳಗೆ, ‘ಈ ವಾಹನವನ್ನು ಹೊದಿಕೆ ಹೊದಿಸಿ ಶೆಡ್ಡಿನಲ್ಲಿಟ್ಟು ನೋಡಿ ಆನಂದಿಸತಕ್ಕದ್ದು’ ಎಂದು ಅಚ್ಚು ಹಾಕಿಸಿ.

ಗೇರ್‌ಬಾಕ್ಸ್ ಬಿಚ್ಚಿದ ನಿಮ್ಮ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನಮ್ಮೆದುರೇ ಹೇಳಿದ್ದರು: "ಬೇರಿಂಗ್ ಹೋಗಿದೆ ಡಾಕ್ಟ್ರೇ. ಫ್ಯಾಕ್ಟ್ರಿಲೇ ನೆಟ್ಟಗೆ ಕೂರಿಸಿಲ್ಲ. ಹುಟ್ಟಿನಿಂದ ಬಂದ ಕಾಯಿಲೆ."

"ಇದನ್ನೇ ಬರೆದುಕೊಡಿ ಅಂಕಲ್" ಎಂದೆ.

"ಬಾಯಲ್ಲಿ ಎಷ್ಟ್ ಬೇಕಾದ್ರೂ ಹೇಳ್ತೀನಮ್ಮಾ. ಕೈಯಲ್ಲಿ ಬರೆಯಲ್ಲ. ನನಗಿನ್ನೂ ಎರಡು ವರ್ಷ ಸರ್ವಿಸಿದೆ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅನುಭವಸ್ಥರು, ನಿಮ್ಮ ಸಂಸ್ಥೆಯಲ್ಲಿ ಬರೆದವರ ಗತಿ ಏನಾಗುತ್ತದೆಂದು ನನಗಿಂತ ಮೊದಲೇ ಬಲ್ಲವರು.

ಕಳೆದ ಮಂಗಳವಾರ ಮಧ್ಯಾಹ್ನ ಗುಡ್ಡದ ಮೇಲಿನಿಂದ ಫೋನ್ ಬಂತು: ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆ. ಜೀಪಿದ್ದರೆ ಇಪ್ಪತ್ತೈದು ನಿಮಿಷದ ದಾರಿ. ಪಕ್ಕದ ಮನೆಯ ಟೈಲರರ ಸ್ಕೂಟರಿನಲ್ಲಿ ಹಳ್ಳದವರೆಗೆ ಹೋಗಿ, ಅಲ್ಲಿಂದ ಬ್ಯಾಗಿನ ಒಂದು ಹಿಡಿ ಚಿಕ್ಕಮ್ಮ, ಇನ್ನೊಂದು ನಾನು ಹಿಡಿದು ಹತ್ತಿದೆವು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಹಸು ಉಳಿಯಿತು. ಕರು ಉಳಿಯಲಿಲ್ಲ. ಮನೆಯಾಕೆ ಬೈಯಲಿಲ್ಲ. "ನಿಮ್ ಗಾಡಿ ಇದ್ದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿ, ಕೈ ತೊಳೆಯಲು ಬಿಸಿನೀರು ತಂದಿಟ್ಟರು.

ಇಳಿಯುವಾಗ ನನಗೆ ತಡೆಯಲಾಗಲಿಲ್ಲ. "ನಾನು ಹಂಗೆ ಬರೀಬಾರ್ದಿತ್ತು ಚಿಕ್ಕಮ್ಮಾ."

"ಸುಳ್ಳು ಬರೆದ್ಯಾ?"

"ಇಲ್ಲ. ಜಾಸ್ತಿ ಬರೆದೆ."

"ಜಾಸ್ತಿ ಬರೆದ್ರೆ ಮಾರ್ಕ್ಸ್ ಕಡಿಮೆ ಮಾಡ್ಲಿ. ಗೇರ್‌ಬಾಕ್ಸ್ ಕಿತ್ತಿಟ್ಕೋತಾರಾ?"

ಅವರು ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಇನ್ನು ಮೂರು ವಾರಕ್ಕೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ ಶುರುವಾಗುತ್ತದೆ. ಹತ್ತೊಂಬತ್ತು ಊರು. ತಂಪು ತಪ್ಪಿದ ಲಸಿಕೆಯೂ ನೀರೂ ಒಂದೇ. ಸ್ಕೂಟರಿನ ಬುಟ್ಟಿಯಲ್ಲಿ ಅದು ಅಷ್ಟು ದೂರ ತಾಳುವುದಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ನಾವು ಕೂಡಿಸಿದ ಯಾವ ಭಾಗ, ಯಾವ ದಾರಿಯಿಂದ ಆ ಬೇರಿಂಗನ್ನು ತಲುಪಿ ಕೆಡಿಸಿತೆಂದು ನಿಮ್ಮ ಇಂಜಿನಿಯರೊಬ್ಬರು ಬರೆದು ಸಹಿ ಹಾಕಲಿ. ಹಾಕಲು ಆಗದಿದ್ದರೆ ನಿರಾಕರಣೆ ಹಿಂತೆಗೆದುಕೊಂಡು, ವಾರಂಟಿಯಲ್ಲೇ ಗೇರ್‌ಬಾಕ್ಸ್ ಸರಿಪಡಿಸಿ ಕೂಡಿಸಿಕೊಡಿ. ಹದಿನೆಂಟು ವರ್ಷದವಳ ಸಹಿ ನಿಮಗೆ ಸಾಕಾಯಿತು. ನಿಮ್ಮವರದೊಂದು ಸಹಿ ಕೇಳುವುದು ನನಗೆ ಅತಿಯೆನಿಸುವುದಿಲ್ಲ.

ದಯವಿಟ್ಟು ಈ ವಾರವೇ ಉತ್ತರ ಕೊಡಿ.

ಇಂತಿ,
ನಿಮ್ಮ ಕಡತದಲ್ಲಿ ‘ಗ್ರಾಹಕರ ಪ್ರತಿನಿಧಿ’ ಎನಿಸಿಕೊಂಡಿರುವ,
ಡಾಕ್ಟರ ಅಕ್ಕನ ಮಗಳು