ಕಡ್ಲಿ ಹೊಲದ ಬಂಗಾರ

ಫೆಬ್ರುವರಿ ೧, ರವಿವಾರ

ಇವತ್ತೂ ಸಿಕ್ಕದ್ದು ನಟ್ಟು-ಬೋಲ್ಟು. ಎತ್ತಿನ ಲಾಳದ ಚೂರು. ಗುಟ್ಕಾ ಪಾಕೀಟು.

ನಸುಕಿನಲ್ಲೇ ಹಳ್ಳದ ದಂಡೆಗೆ ಹೋಗಿದ್ದೆ. ಚಳಿ ಇನ್ನೂ ಬಿಟ್ಟಿಲ್ಲ. ಹೆಡ್‌ಫೋನಿನ ಮೇಲೆ ಮಫ್ಲರ್. ಈ ಕರಿ ಎರಿ ಮಣ್ಣು ಮೆಟಲ್ ಡಿಟೆಕ್ಟರಿಗೆ ಆಗಿಬರುವುದಿಲ್ಲ — ನೆಲಕ್ಕೆ ಹತ್ತಿರ ತಂದರೆ ಸಾಕು, ಏನೂ ಇಲ್ಲದಿದ್ದರೂ ಗುಂಯ್ ಎನ್ನುತ್ತದೆ. ಪಂಪ್‌ಸೆಟ್ಟಿನ ಮೋಟಾರಿಗೆ ಕಾಯಿಲ್ ಸುತ್ತಿ ಹೊಟ್ಟೆ ಹೊರೆಯುವವನು ನಾನು. ಡಿಟೆಕ್ಟರಿನ ಈ ಒಂದು ಕಾಯಿಲ್ ಏನು ಹೇಳುತ್ತಿದೆ ಎಂಬುದು ಮಾತ್ರ ತಿಳಿಯದು.

ದೊಡ್ಡಪ್ಪನ ಮಗ ಮುಜಫರ್ ಭಾಯಿ ಸೌದಿಯಿಂದ ವಿಡಿಯೋ ಕಾಲ್ ಮಾಡಿದ್ದ. ಮಷಿನ್ ಅವನದೇ. ಅಲ್ಲಿ ರಜೆ ಸಿಕ್ಕರೆ ಗೆಳೆಯರ ಜೊತೆ ಮರಳುಗಾಡಿಗೆ ಹೋಗಿ ಬಂಗಾರ ಹುಡುಕುವ ಹುಚ್ಚು. ಹೊಸದು ಕೊಂಡ ಮೇಲೆ, ಊರಿಗೆ ಬಂದಾಗ ಹಳೆಯದನ್ನು ನನಗೆ ಬಿಟ್ಟುಹೋದ. ಕಾಲ್‌ನಲ್ಲಿ ಇವತ್ತೂ ಅದೇ ಮಾತು:

“ಹಳ್ಳ ಬಿಡಬ್ಯಾಡಲೇ ಅಕೀಲ್. ಹಿಂದಕ ಗದಗ ಕಡೆ ಉಸುಕು ತೊಳದು ಬಂಗಾರ ತಗೀತಿದ್ರು. ಅಲ್ಲಿದ್ದದ್ದು ನಮ್ಮೂರು ಶಲವಡಿಗೆ ಬರಬಾರದಂತೇನಿಲ್ಲ.”

ಅಮ್ಮ ರೊಟ್ಟಿ ಬಡಿಯುತ್ತಲೇ ಅಂದಳು: “ಮಂದಿ ಏನಂತಾರ ಗೊತ್ತೈತೇನು? ಅಕೀಲ್ ಬೆಳಿಗೆ ಹುಳದ ಎಣ್ಣಿ ಹೊಡ್ಯಾಕ ಹತ್ಯಾನ, ಕೈಯಾಗಿನ ಪಂಪಿನಾಗ ಎಣ್ಣಿನ ಇಲ್ಲ ಅಂತಾರ.”

ಫೆಬ್ರುವರಿ ೩

ಕರಿಸಿದ್ದಪ್ಪ ಕಾಕಾ ಮೋಟಾರ್ ಒಯ್ಯಲು ಅಂಗಡಿಗೆ ಬಂದಿದ್ದರು. ಕಡಲೆ ಕಿತ್ತು ಆಗಿದೆಯಂತೆ. ಹಳ್ಳಕ್ಕೆ ಹತ್ತಿದ ಹೊಲ ಅವರದು. ನಾಚಿಕೆ ಬಿಟ್ಟು, ಅಲ್ಲಿ ಮಷಿನ್ ಹಿಡಿದು ಅಡ್ಡಾಡಲೇ ಎಂದು ಕೇಳಿದೆ.

“ಅಡ್ಡಾಡು. ಬಂಗಾರ ಸಿಕ್ರ ನಿಂದು, ಕಬ್ಬಣ ಸಿಕ್ರ ನಂದು.” ನಕ್ಕು ಹೋದರು.

ಫೆಬ್ರುವರಿ ೮, ರವಿವಾರ

ಸಿಕ್ಕಿತು.

ಅವಸರಕ್ಕೆ ಅಕ್ಷರ ಸೊಟ್ಟ ಬರುತ್ತಿವೆ. ಕಡಲೆ ಹೊಲದ ನಡುವೆ, ಗೇಣು ಮಣ್ಣಿನ ಕೆಳಗೆ. ಕಡಲೆಯ ಸಿಪ್ಪೆಯಷ್ಟು. ಚಪ್ಪಟೆ. ಹಳದಿ. ಲಿಂಬೆ ಹಚ್ಚಿ ತಿಕ್ಕಿದೆ, ಇನ್ನೂ ಹೊಳೆಯಿತು. ಹಿತ್ತಾಳೆ ಅಲ್ಲ.

ಭಾಯಿಗೆ ಫೋಟೋ ಕಳಿಸಿದೆ. ಕೂಡಲೇ ಕಾಲ್. “ನಗೆಟ್ ಐತಿ ಅದು, ನೆಲದಾಗ ತಾನ ಹುಟ್ಟಿದ ಬಂಗಾರ. ಬಿಳಿ ಕಲ್ಲಿನಾಗ ಹುಟ್ತದ ಅದು, ಸುತ್ತ ಅಂಥಾ ಕಲ್ಲು ಅದಾವೇನು?”

ಇಲ್ಲಿ ಕಲ್ಲೇ ಇಲ್ಲವಲ್ಲ. ಬಾವಿ ತೋಡಿದರೂ ಮಣ್ಣು, ಅದರ ಕೆಳಗೆ ಮತ್ತೆ ಮಣ್ಣು. ಕಲ್ಲಿಲ್ಲದೆ ಬಂಗಾರ ಎಲ್ಲಿಂದ ಬಂತು? ಹಳ್ಳದ ನೆರೆ ತಂದಿತೇ? ನೆರೆ ಬಂದರೂ ಹೊಲದ ನಡುವಿನ ಆ ದಿಬ್ಬಕ್ಕೆ ಏರುವುದಿಲ್ಲ.

ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ಫೆಬ್ರುವರಿ ೯

ಇನ್ನೊಂದು. ನಿನ್ನೆಯ ಜಾಗದಿಂದ ದೂರ, ಬದುವಿನ ಹತ್ತಿರ. ಅದೇ ಅಳತೆ. ಅದೇ ತೆಳುವು.

ಖುಷಿಯಾಗಬೇಕಿತ್ತು. ಆಗಲಿಲ್ಲ. ತಾನಾಗಿ ಹುಟ್ಟಿದ ಬಂಗಾರ ಒಂದೇ ಅಳತೆಗೆ ಯಾಕೆ ಹುಟ್ಟುತ್ತದೆ?

ಫೆಬ್ರುವರಿ ೧೧

ಇವತ್ತು ಸಿಕ್ಕ ಮೂರನೆಯದು ಜಜ್ಜಿಹೋಗಿಲ್ಲ. ದುಂಡಗಿದೆ. ಎರಡೂ ಕಡೆ ತೂತು. ಒಳಗೆ ಕರಿಯದು ಏನೋ — ಮೊದಲು ಮಣ್ಣು ಎಂದುಕೊಂಡೆ. ಸೂಜಿಯಿಂದ ಕೆದರಿದೆ. ಅಕ್ಕಸಾಲಿಗ ಒಡವೆಯೊಳಗೆ ತುಂಬುವ ಅರಗು.

ಹೆಂಗಸರ ಕೊರಳಿನ ಬೋರಮಾಳ ಸರದ ಗುಂಡು.

ಅಂಗಡಿ ಮುಚ್ಚಿ ಮನೆಗೆ ಬಂದು ಕೂತೆ. ಕರಿಸಿದ್ದಪ್ಪ ಕಾಕಾನ ಮನೆಯ ಬೋರಮಾಳದ ಕಥೆ ಗೊತ್ತಿಲ್ಲದವರು ಊರಲ್ಲಿಲ್ಲ. ಅದು ಕಾಕಾನ ಹೆಂಡತಿ ದುರ್ಗವ್ವ ಕಾಕಿಯದು, ಮದುವೆಯಲ್ಲಿ ಆಕೆಯ ತಾಯಿ ಹಾಕಿದ್ದು. ಮೂರು ವರ್ಷದ ಹಿಂದೆ ಮನೆಯಿಂದ ಕಾಣೆಯಾಯಿತು. ಟ್ರಂಕಿನ ಕೀಲಿ ಸೊಸೆ ಮಂಜುಳಾನ ಸೊಂಟದಲ್ಲಿತ್ತು. ತವರಿಗೆ ಸಾಗಿಸಿದ್ದಾಳೆ ಎಂದರು. ದೇವರ ಮುಂದೆ ಆಣೆ ಮಾಡು ಎಂದರು, ಮಾಡಿದಳು. ಆದರೂ ನಂಬಲಿಲ್ಲ. ಗಂಡ ಸಿದ್ದರಾಮ ತಲೆ ಕೆಳಗೆ ಹಾಕಿ ನಿಂತಿದ್ದ. ಅವಳು ತವರಿಗೆ, ಕುಂದಗೋಳಕ್ಕೆ ಹೋದಳು. ತಿರುಗಿ ಬಂದಿಲ್ಲ.

ಆ ಸರದ ಗುಂಡು ಹೊಲಕ್ಕೆ ಹೇಗೆ ಬಂತು? ಹೂಳಿಟ್ಟಿದ್ದರೆ ಒಂದೇ ಕಡೆ ಇರಬೇಕು. ಬಿತ್ತಿದ ಹಾಗೆ ಯಾಕೆ ಚೆಲ್ಲಿದೆ?

ಫೆಬ್ರುವರಿ ೧೨

ಅಮ್ಮನಿಗೆ ತೋರಿಸಿದೆ. ಅಂಗೈಯಲ್ಲಿಟ್ಟು ಹೊರಳಿಸಿದಳು. ತಡಮಾಡಲಿಲ್ಲ.

“ತಿಪ್ಪಿ ಗೊಬ್ಬರ. ಮನ್ಯಾಗಿಂದು ತಿಪ್ಪಿಗೆ, ತಿಪ್ಪ್ಯಾಗಿಂದು ಹೊಲಕ್ಕ. ದನ ತುಳದು, ರಂಟಿ ನೇಗಿಲ ಹಾದು, ಚಪ್ಪಟ ಆಗ್ಯಾವು.”

ಹೌದು. ಚಕ್ಕಡಿಯಲ್ಲಿ ಗೊಬ್ಬರ ಹೇರಿ ಹೊಲದ ತುಂಬ ಚೆಲ್ಲಿದ್ದಾರೆ. ಬಂಗಾರ ಅದರೊಳಗೇ ಹೋಗಿದೆ. ಹಾಗಾದರೆ ಮಂಜುಳಾ ಒಯ್ದಿಲ್ಲ.

ಈಗ ಕೊಡುವುದು ಯಾರಿಗೆ? ಹೊಲ ಕಾಕಾನದು. ಬೋರಮಾಳ ಕಾಕಿಯದು. ಕೆಟ್ಟ ಹೆಸರು ಮಂಜುಳಾನದು.

ಫೆಬ್ರುವರಿ ೧೩, ಶುಕ್ರವಾರ

ನಮಾಜು ಮುಗಿಸಿ ಕರಿಸಿದ್ದಪ್ಪ ಕಾಕಾನ ಹತ್ತಿರ ಹೋದೆ. ಕಣದಲ್ಲಿ ಒಬ್ಬರೇ ಇದ್ದರು. ಗುಂಡುಗಳನ್ನು ಕೈಗೆ ಹಾಕಿದೆ. ನೋಡಿದರು. ಆಮೇಲೆ ನನ್ನ ಕೈಗೇ ತಿರುಗಿ ಹಾಕಿದರು.

“ಬಂಗಾರ ಸಿಕ್ರ ನಿಂದು ಅಂದಿದ್ನಲ್ಲ. ಇಟ್ಕೋ.”

“ಕಾಕಾ, ಇದು ಕಾಕಿ ಬೋರಮಾಳದ್ದು...”

“ನನಗ ಕಣ್ಣು ಕಾಣ್ತಾವಲೇ. ಶಿವರಾತ್ರಿ ಆದ ಮ್ಯಾಲ ಹಿರ್‍ಯಾರು ಕೂಡ್ತಾರ, ಸೋಡಚೀಟಿ ಬರದು ಗಂಡ-ಹೆಂಡ್ತಿ ಬಿಡುಗಡಿ ಆಗ್ತದ. ಎರಡೂ ಮನಿಯವರು ಒಪ್ಯಾರ. ಈಗ ಇದನ್ನ ತಗದ್ರ ಏನ ಬಂತು? ಹುಡುಗಿ ಬಾಳೇನು ತಿರುಗಿ ಬರ್ತದೇನು?”

“ಕಳ್ಳಿ ಅನ್ನೂದರ ಹೋಗ್ತದಲ್ರಿ.”

ಕಾಕಾ ಮೊರ ಎತ್ತಿಕೊಂಡರು. ಹೊಟ್ಟು ತೂರತೊಡಗಿದರು.

ಕೆಟ್ಟ ಮನುಷ್ಯನಲ್ಲ. ನಮ್ಮ ಅಬ್ಬಾ ತೀರಿದಾಗ ಗುಂಡಿ ತೋಡಲು ಮೊದಲು ಸಲಿಕೆ ತಂದವರು ಇವರೇ. ಅದಕ್ಕೇ ತಲೆ ಕೆಟ್ಟಿದೆ. ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಫೆಬ್ರುವರಿ ೧೪

ಅಂಗಡಿಗೆ ಬೀಗ. ಅಣ್ಣಿಗೇರಿಯಿಂದ ಹುಬ್ಬಳ್ಳಿ, ಅಲ್ಲಿಂದ ಕುಂದಗೋಳ. ವಿಚಾರ ಮಾಡಿ ಹೋದದ್ದಲ್ಲ. ಬಸ್ ಬಂತು, ಹತ್ತಿದೆ.

ಮಂಜುಳಾ ಈಗ ಬ್ಲೌಸ್ ಹೊಲಿಯುತ್ತಾಳೆ. ಅಣ್ಣನ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್. ಶಲವಡಿಯ ಅಕೀಲ್ ಎಂದಾಗ ಮುಖ ಬಿಗಿಯಾಯಿತು. ಗುಂಡು ತೋರಿಸಿ, ಡಿಟೆಕ್ಟರಿಗೆ ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕಾಲು ಪೆಡಲಿನ ಮೇಲೆಯೇ ಇತ್ತು.

“ನಾ ತಗೊಂಡಿಲ್ಲಂತ ನನಗ ಗೊತ್ತಿತ್ತಲ್ರಿ ಅಕೀಲಣ್ಣಾ. ನಿಮ್ಮ ಮಷಿನ್ನಿಗೆ ಈಗ ಗೊತ್ತಾತು, ಅಷ್ಟ.”

“ಹಿರ್‍ಯಾರ ಮುಂದ ನಾ ಹೇಳ್ಲೇನು?”

“ಹೇಳ್ರಿ ಅಂತ ನಾ ಬೇಡ್ಕೊಳ್ಳೂದಿಲ್ಲ. ಹೇಳಬ್ಯಾಡ್ರಿ ಅಂತನೂ ಅನ್ನೂದಿಲ್ಲ. ಆಣಿ ಮಾಡಿದಾಗ ಯಾರೂ ನಂಬಲಿಲ್ಲ. ಈಗ ಮತ್ತ ನಾನ ಕೈ ಮುಗೀಬೇಕೇನು?”

ಬರುವಾಗ ಬಾಗಿಲವರೆಗೆ ಬಂದಳು. ಏನೋ ಕೇಳುವವಳಿದ್ದಳು. ಕೇಳಲಿಲ್ಲ.

ಯಾಕೆ ಹೋದೆ? ಅವಳಿಗಾಗಿಯೋ, ನನ್ನ ಕೈಯ ಭಾರ ಇಳಿಸಿಕೊಳ್ಳಲಿಕ್ಕೋ? ಇಳಿಯಲೂ ಇಲ್ಲ.

ಫೆಬ್ರುವರಿ ೧೭

ಎರಡು ದಿನ ಬರೆದಿಲ್ಲ. ಬರೆಯುವುದೇನು, ಹೇಳಬೇಕು-ಹೇಳಬಾರದು ಎನ್ನುವುದೇ ತಿರುಗಿ ತಿರುಗಿ.

ಇವತ್ತು ಅಂಗಡಿ ತೆರೆಯುವ ಹೊತ್ತಿಗೆ ದುರ್ಗವ್ವ ಕಾಕಿ ಕಟ್ಟೆಯ ಮೇಲೆ ಕೂತಿದ್ದಳು. ಸೆರಗು ಕಿವಿ ಮುಚ್ಚುವ ಹಾಗೆ ಹೊದ್ದುಕೊಂಡು.

“ನಿಮ್ಮವ್ವ ಜುಲೇಖಾಬಿ ಎಲ್ಲಾ ಹೇಳಿದ್ಳು. ತಗಿ.”

ಅಮ್ಮ ನನಗೆ ಒಂದು ಮಾತೂ ಹೇಳಿರಲಿಲ್ಲ. ಗುಂಡು ಕೊಟ್ಟೆ. ಕಾಕಿ ದುಂಡಗಿದ್ದುದನ್ನು ಹಲ್ಲಿನಲ್ಲಿ ಹಿಡಿದಳು. ಬಿಟ್ಟಳು. ಸೆರಗಿನಲ್ಲಿ ಒರೆಸಿದಳು.

“ನಂದ. ನಮ್ಮವ್ವ ಹಾಕಿದ್ದು.”

ಆಮೇಲೆ ನನ್ನನ್ನು ನೋಡದೆಯೇ ಹೇಳಿದಳು. ಆ ವರ್ಷ ಮೊರಬ ಊರಿಗೆ ಮದುವೆಗೆ ಹೊರಟಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕಳ್ಳರ ಅಂಜಿಕೆಗೆ ಬೋರಮಾಳವನ್ನು ಅರಿವೆಯಲ್ಲಿ ಸುತ್ತಿ ಹೊಟ್ಟಿನ ಚೀಲದಲ್ಲಿ ತುರುಕಿದ ಹಾಗೆ ನೆನಪು. ತಿರುಗಿ ಬಂದದ್ದು ಜ್ವರ ಹೊತ್ತುಕೊಂಡು. ಎದ್ದ ಮೇಲೆ ಅದನ್ನು ಮರೆತು ಟ್ರಂಕಿನಲ್ಲಿ ಹುಡುಕಿದಳು. ಅಷ್ಟರಲ್ಲಿ ಹೊಟ್ಟು ದನದ ಮುಂದೆ ಬಿದ್ದು ತಿಪ್ಪೆ ಸೇರಿರಬೇಕು.

“ಹೊಟ್ಟಿನಾಗ ಇಟ್ಟೆನೋ, ಈಗ ನೀ ತೋರಿಸಿದಿ ಅಂತ ಇಟ್ಟಂಗ ಅನಸ್ತದೋ... ನನಗ ಖರೇನ ತಿಳೀವಲ್ದು ಅಕೀಲಾ. ಆದ್ರ ಆಕಿ ಒಯ್ದಿಲ್ಲ. ಅದೊಂದು ಖರೇ.”

ಮಷಿನ್ ತಗೊಂಡು ಹೊಲಕ್ಕೆ ನಡೆ ಎಂದಳು. ಇಬ್ಬರೂ ಹೋದೆವು. ನಾನು ಮುಂದೆ, ಆಕೆ ಹಿಂದೆ ಕಳೆ ತೆಗೆಯುವ ಕುರ್ಚಿಗಿ ಹಿಡಿದು. ಶಬ್ದ ಬಂದಲ್ಲೆಲ್ಲ ತಾನೇ ಕೂತು ಕೆದರಿದಳು. ಇನ್ನಷ್ಟು ಗುಂಡು ಸಿಕ್ಕವು. ಕಾಕಾ ಬದುವಿನ ಮೇಲೆ ಬಂದು ನಿಂತರು. ಕಾಕಿ ತಲೆಯೆತ್ತಲಿಲ್ಲ.

“ಮನಿಗೆ ನಡಿ. ಊರ ಮಂದಿ ನೋಡ್ತಾರ.”

“ನೋಡ್ಲಿ. ಅವತ್ತ ಸೊಸಿ ಗಂಟು ಬಿಚ್ಚಿಸಿ ನೋಡಿದಾಗ ಮಂದಿ ಇದ್ದಿದ್ದಿಲ್ಲೇನು?”

ಕಾಕಾ ಬದು ಇಳಿದು ಹೋದರು.

ಫೆಬ್ರುವರಿ ೨೦, ಶುಕ್ರವಾರ. ಹುಬ್ಬಳ್ಳಿ ಸ್ಟೇಶನ್, ಸಂಜೆ

ರಮಜಾನಿನ ರೋಜಾ ಶುರುವಾಗಿದೆ. ಗಂಟಲು ಒಣಗಿದೆ. ಅಣ್ಣಿಗೇರಿಯ ರೈಲು ತಡ. ಕಾಕಿ ಬಾಜೂಕಿನ ಬೆಂಚಿನಲ್ಲಿ ಮಲಗಿದ್ದಾಳೆ. ಮರೆಯುವ ಮೊದಲು ಬರೆದಿಡಬೇಕು.

ಹಿರಿಯರು ಕೂಡುವವರೆಗೆ ಕಾಕಿ ಕಾಯಲಿಲ್ಲ. ಕುಂದಗೋಳಕ್ಕೆ ಕರೆದುಕೊಂಡು ಹೋಗು ಎಂದಳು. ಓಣಿಯಲ್ಲಿ ಹೆಂಗಸರು ಬಿಸಿಲಿಗೆ ಮೆಣಸಿನಕಾಯಿ ಹರವುತ್ತಿದ್ದರು. ಮಂಜುಳಾ ಬಾಗಿಲಿಗೆ ಬಂದಳು, ಒಳಗೆ ಬರ್ರಿ ಎಂದಳು. ಕಾಕಿ ಹೊಸ್ತಿಲು ದಾಟಲಿಲ್ಲ. ಓಣಿಗೆ ಕೇಳುವ ಹಾಗೆ ಅಂದಳು:

“ಮಂಜವ್ವಾ, ನೀ ಕಳ್ಳಿ ಅಂತ ಊರ ತುಂಬ ಹೇಳ್ದಾಕಿ ನಾನು. ತಿಳೀದ ಹೇಳೀನಿ, ಆದ್ರೂ ಸುಳ್ಳನ. ಬೋರಮಾಳ ನಮ್ಮ ಹೊಲದಾಗ ಐತಿ. ನೀ ಒಯ್ದಿದ್ದಿಲ್ಲ.”

ಮೆಣಸಿನಕಾಯಿ ಹರವುವ ಕೈಗಳು ನಿಂತವು. ಕಾಕಿ ಗುಂಡಿನ ಗಂಟನ್ನು ಮುಂದೆ ಚಾಚಿದಳು. ಮಂಜುಳಾ ತೆಗೆದುಕೊಂಡಳು. ಬಿಚ್ಚಿ ನೋಡಿದಳು. ಮತ್ತೆ ಕಟ್ಟಿ ಅತ್ತೆಯ ಕೈಯಲ್ಲೇ ಇಟ್ಟಳು.

“ಇವು ನಿಮ್ಮವು. ನಂದು ನನಗ ಮುಟ್ಟಿತು.”

ಆಗ ಅತ್ತಳು. ನಿಂತಲ್ಲೇ, ಶಬ್ದವಿಲ್ಲದೆ. ಕಾಕಿಯೂ.

ಆಮೇಲೆ ಚಹಾ ಮಾಡಿ ತಂದಳು. ನನಗೆ ರೋಜಾ ಎಂಬುದು ಅವಳಿಗೆ ಹೊಳೆಯಲಿಲ್ಲ, ಹೇಳಲು ನನಗೂ ಬಾಯಿ ಬರಲಿಲ್ಲ. ಆರುವವರೆಗೆ ಕಪ್ಪು ಹಿಡಿದುಕೊಂಡು ಕೂತೆ.

ಕಾಕಿ ಕೇಳಿದಳು: “ಮನಿಗೆ ಬರ್ತಿಯೇನು?”

“ಇಲ್ರಿ ಅತ್ತಿ.”

ಅಷ್ಟೇ. ಸಿಟ್ಟಿರಲಿಲ್ಲ. ಇಲ್ಲ ಎಂದವಳು ಅತ್ತಿ ಎಂದೇಕೆ ಕರೆದಳು, ಗೊತ್ತಾಗಲಿಲ್ಲ. ಮುಸ್ಸಂಜೆಯ ಒಳಗೆ ಮನೆ ಮುಟ್ಟಿರಿ ಎಂದು ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟುಹೋದಳು.

ಫೆಬ್ರುವರಿ ೨೪

ಸೋಡಚೀಟಿಯ ಬೈಠಕ್ ಮುಂದೆ ಹೋಗಿದೆ. ಯಾರು ಮುಂದೆ ಹಾಕಿದರು ಎಂದು ಯಾರೂ ಹೇಳುತ್ತಿಲ್ಲ. ಕಾಕಾ ದಾರಿಯಲ್ಲಿ ಸಿಕ್ಕರೆ ಮಾತಾಡುವುದಿಲ್ಲ. ಆದರೆ ಅಮ್ಮನಿಗೆ ಇಫ್ತಾರಿಗೆಂದು ಕಲ್ಲಂಗಡಿ ಕಳಿಸಿದ್ದಾರೆ. ಇದನ್ನು ಏನೆಂದು ತಿಳಿಯಬೇಕು?

ಮಧ್ಯಾಹ್ನ ಅಂಗಡಿಯ ಮುಂದೆ ಬೈಕ್ ನಿಂತಿತು. ಸಿದ್ದರಾಮ. ಇಷ್ಟು ವರ್ಷದಲ್ಲಿ ನನ್ನ ಜೊತೆ ಕೂತು ಮಾತಾಡಿದವನಲ್ಲ. ಇಳಿಯಲಿಲ್ಲ. ಹ್ಯಾಂಡಲ್ ಹಿಡಿದುಕೊಂಡೇ ಕೇಳಿದ:

“ಅಕೀಲ್, ಆಕಿ ನನ್ನ ಬಗ್ಗೆ ಏನರೆ ಕೇಳಿದ್ಳೇನು?”

ಕೇಳಲಿಲ್ಲ. ಆದರೆ ಅವತ್ತು ಬಾಗಿಲಲ್ಲಿ ನಿಂತು ಕೇಳುವವಳಿದ್ದಳಲ್ಲ — ಅದು ಇವನ ಸುದ್ದಿಯೇ ಇರಬಹುದು. ಇಲ್ಲದೆಯೂ ಇರಬಹುದು. ಕೇಳಿದಳು ಎಂದರೆ ಸುಳ್ಳು. ಇಲ್ಲ ಎಂದರೆ ಪೂರ್ತಿ ಖರೆಯೂ ಅಲ್ಲ.

“ಕುಂದಗೋಳ ದೂರಿಲ್ಲ. ನೀನ ಹೋಗಿ ಕೇಳು,” ಎಂದೆ.

“ಏನಂತ ಹೋಗ್ಲಿ?”

ಅರ್ಧ ಸುತ್ತಿದ ಕಾಯಿಲ್ ಕೈಯಲ್ಲಿತ್ತು, ಸುತ್ತುತ್ತಾ ಇದ್ದೆ. ಅವನು ಹೋಗಲಿಲ್ಲ. ಈಗಲೂ ಹೊರಗೇ ಇದ್ದಾನೆ, ಬೇವಿನ ಗಿಡದ ನೆರಳಿಗೆ ಬೈಕ್ ಸರಿಸಿಕೊಂಡು. ಇದನ್ನು ಬರೆಯುತ್ತಿರುವಾಗಲೇ ಫೋನ್ ತೆಗೆದ. ನಂಬರ್ ಒತ್ತಿದ, ಕುಂದಗೋಳಕ್ಕೇ ಇರಬೇಕು. ಕಿವಿಗೆ ಹಿಡಿದುಕೊಂಡಿದ್ದಾನೆ. ಆ ಕಡೆಯಿಂದ ಯಾರೋ ಎತ್ತಿದ ಹಾಗಿದೆ, ಇವನು ಬೈಕಿನಿಂದ ಇಳಿದು ನಿಂತ.