ಹದಿನಾಲ್ಕು ಇನಿಂಗ್ಸ್ ಕಳೆದರೂ ಮೂರನೇ ಕ್ರಮಾಂಕ ಅವರದೇ

ರಾಜ್ಯ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಬರುವ ಶುಕ್ರವಾರ ತಾವು ಮುಂದಿನ ಪಂದ್ಯಕ್ಕೆ ತಂಡ ಪ್ರಕಟಿಸಲಿದ್ದೀರಿ. ಮೂರನೇ ಕ್ರಮಾಂಕದಲ್ಲಿ ಯಾರ ಹೆಸರಿರುತ್ತದೆ ಎಂದು ನಮ್ಮ ಮೈಸೂರಿನಲ್ಲಿ ಯಾರೂ ಪಂತ ಕಟ್ಟುತ್ತಿಲ್ಲ. ಪಂತಕ್ಕೆ ಸೋಲುವವನೊಬ್ಬ ಬೇಕಲ್ಲ! ಹದಿನಾಲ್ಕು ಇನಿಂಗ್ಸ್‌ಗಳಲ್ಲಿ ಒಂದೇ ಒಂದು ಅರ್ಧಶತಕ ಹೊಡೆಯದ ನಮ್ಮ ತಾರಾ ಬ್ಯಾಟ್ಸ್‌ಮನ್ ಹದಿನೈದನೆಯದಕ್ಕೂ ಪ್ಯಾಡ್ ಕಟ್ಟುತ್ತಾರೆ. ಇದು ಅನ್ಯಾಯ. ಅವರ ಮೇಲೆ ನನಗೇನೂ ದ್ವೇಷವಿಲ್ಲ. ಅವರ ಕವರ್ ಡ್ರೈವ್ ನೋಡುತ್ತಾ ಮೈಮರೆತು ಎಷ್ಟೋ ಸಲ ಒಲೆಯ ಮೇಲಿನ ಹಾಲು ಉಕ್ಕಿಸಿದವಳು ನಾನು.

ಕಳೆದ ತಿಂಗಳು ಪತ್ರಕರ್ತರ ಮುಂದೆ ತಾವು, ಅವರ ಅನುಭವ ಡ್ರೆಸಿಂಗ್ ರೂಮಿಗೆ ಬೇಕು ಎಂದಿರಿ. ಒಪ್ಪಿದೆ. ಹಾಗಾದರೆ ಡ್ರೆಸಿಂಗ್ ರೂಮಿನಲ್ಲೇ ಕೂರಿಸಬಹುದಲ್ಲ ಸ್ವಾಮಿ? ಪಿಚ್ಚಿಗೆ ಕಳಿಸಿ ಎಂಟು ನಿಮಿಷಕ್ಕೆ ವಾಪಸು ಕರೆಸಿಕೊಳ್ಳುವ ತೊಂದರೆ ಯಾಕೆ? ಅವರು ಹಿಂದೆ ಹೊಡೆದ ರನ್ನುಗಳನ್ನು ನಾವು ಮರೆತಿಲ್ಲ. ಆ ರನ್ನುಗಳಿಗೆ ಆವತ್ತೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇವೆ. ಅದೇ ರನ್ನುಗಳನ್ನು ತೋರಿಸಿ ಇನ್ನೂ ಎಷ್ಟು ಪಂದ್ಯ ಆಡಿಸುತ್ತೀರಿ?

ಅವರ ಜಾಗಕ್ಕೆ ಕಾಯುತ್ತಿರುವ ಅಭಿನವನಿಗೆ ಈಗ ಇಪ್ಪತ್ತೆಂಟು. ನಮ್ಮ ಕುಂಬಾರಕೊಪ್ಪಲಿನವನು. ಇಪ್ಪತ್ತನಾಲ್ಕು ವರ್ಷಗಳಿಂದ ಈ ಊರಿನ ಕ್ಲಬ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿರುವ ನಾನು ಅವನ ಒಂಬತ್ತು ಶತಕಗಳನ್ನು ನನ್ನ ಕೈಯಾರೆ ಬರೆದಿದ್ದೇನೆ. ಎರಡು ವರ್ಷದಿಂದ ತಾವು ಅವನನ್ನು ತಂಡದ ಜೊತೆ ಊರೂರು ಸುತ್ತಿಸುತ್ತಿದ್ದೀರಿ, ಒಂದು ಪಂದ್ಯವನ್ನೂ ಆಡಿಸಿಲ್ಲ. ಹೋದ ವಾರ ಇಲ್ಲಿನ ಗಂಗೋತ್ರಿ ಮೈದಾನದಲ್ಲೇ ರಾಜ್ಯ ತಂಡದ ಪಂದ್ಯವಿತ್ತು. ಅವನ ತಾಯಿ ಪುಟ್ಟಲಿಂಗಮ್ಮ ಚಾಮುಂಡಿ ಬೆಟ್ಟದಲ್ಲಿ ಹಣ್ಣುಕಾಯಿ ಮಾರುವವರು. ಮಂಗಳವಾರದ ವ್ಯಾಪಾರ ಬಿಟ್ಟು ಬಂದು ನನ್ನ ಪಕ್ಕ ಕೂತರು. ನಮ್ಮ ತಾರೆ ಒಂಬತ್ತಕ್ಕೆ ಔಟಾದರು. ಬಿಡುವಿನಲ್ಲಿ ಅಭಿನವ ಬಾಟಲಿಗಳನ್ನು ಹಿಡಿದು ಓಡಿದ.

"ನನ್ ಮಗ ಆಡೋದ್ ನೋಡವಾ ಅಂತ ಬಂದೆ ಕಣವ್ವಾ," ಎಂದರು ಪುಟ್ಟಲಿಂಗಮ್ಮ. "ನೀರ್ ತಗಂಡು ಓಡ್ತಾವ್ನೆ. ಚೆನ್ನಾಗೇ ಓಡ್ತಾನೆ, ಅಲ್ವಾ?"

ಆವತ್ತಿನಿಂದ ನನ್ನ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಚರ್ಚಿನಲ್ಲಿ ಮಂಡಿಯೂರಿದರೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಯಾಕೆಂದರೆ ತಾವು ಈಗ ಮಾಡುತ್ತಿರುವುದನ್ನು ನಾನು ಹತ್ತೊಂಬತ್ತು ವರ್ಷಗಳ ಹಿಂದೆಯೇ ಮಾಡಿದ್ದೇನೆ.

ನನ್ನ ಗಂಡ ಪೌಲರಾಜ್ ಆಗ ನಮ್ಮ ಕ್ಲಬ್ಬಿನ ದೊಡ್ಡ ಆಟಗಾರ. ಆ ವರ್ಷ ಅವರಿಗೆ ಚೆಂಡೇ ಕಾಣುತ್ತಿರಲಿಲ್ಲ. ಇನ್ನೊಂದು ಪಂದ್ಯ ನೋಡಿ, ಆಗಲೂ ರನ್ ಬರದಿದ್ದರೆ ಬೆಂಚಿನಲ್ಲಿ ಕಾಯುತ್ತಿದ್ದ ಹುಡುಗ ಮಹದೇವುಗೆ ಅವಕಾಶ ಕೊಡುವುದು ಎಂದು ಕ್ಲಬ್ಬಿನವರು ತೀರ್ಮಾನಿಸಿದ್ದರು. ಆ ಪಂದ್ಯದಲ್ಲಿ ಇವರು ನಲವತ್ತೇಳಕ್ಕೆ ಬಂದಾಗ ಚೆಂಡು ಪ್ಯಾಡಿಗೆ ಬಡಿದು ಬೌಂಡರಿ ಸೇರಿತು. ಅಂಥ ನಾಲ್ಕು ರನ್ ತಂಡದ ಲೆಕ್ಕಕ್ಕೆ ಹೋಗುತ್ತದೆ, ಬ್ಯಾಟ್ಸ್‌ಮನ್‌ಗೆ ಸೇರುವುದಿಲ್ಲ. ಅಂಪೈರ್ ಮೊಣಕಾಲು ಮುಟ್ಟಿ ಲೆಗ್ ಬೈ ಎಂದು ತೋರಿಸಿದರು. ನೋಡಿದೆ ಎಂದು ನಾನೂ ಕೈ ಎತ್ತಿದೆ. ಎತ್ತಿದ ಕೈ ಇಳಿಸಿ ಗಂಡನ ಹೆಸರಿನ ಮುಂದೆ ನಾಲ್ಕು ಬರೆದೆ. ಎದುರು ತಂಡದ ಸ್ಕೋರರ್ ಅಂದು ಬಂದಿರಲಿಲ್ಲ, ಕೇಳುವವರಿರಲಿಲ್ಲ. ಮುಂದಿನ ಓವರಿನಲ್ಲೇ ಇವರು ಔಟ್. ಆದರೇನು, ಪುಸ್ತಕದಲ್ಲಿ ಅರ್ಧಶತಕ ಕೂತಿತ್ತು! ಆ ವರ್ಷವಿಡೀ ಇವರ ಜಾಗ ಭದ್ರವಾಯಿತು. ಮಹದೇವು ಹನ್ನೊಂದು ಭಾನುವಾರ ಬಿಳಿ ಬಟ್ಟೆ ತೊಟ್ಟು ಬಂದು ಬೆಂಚಿನ ಮೇಲೆ ಕೂತ. ಹನ್ನೆರಡನೆಯ ಭಾನುವಾರ ಬರಲಿಲ್ಲ. ಈಗ ಬೋಗಾದಿ ಕಡೆ ಹೊಸ ಮನೆಗಳಿಗೆ ಟೈಲ್ಸ್ ಹಾಕುತ್ತಾನೆ. ಎದುರು ಸಿಕ್ಕರೆ "ಚೆನ್ನಾಗಿದೀರಾ ಅಕ್ಕಾ" ಎನ್ನುತ್ತಾನೆ. ನಾನು ಅವನ ಚಪ್ಪಲಿ ನೋಡುತ್ತಾ ಚೆನ್ನಾಗಿದ್ದೇನೆ ಎನ್ನುತ್ತೇನೆ. ನಾನು ಪ್ರೀತಿಗೆ ಬರೆದೆ. ತಾವು ಯಾಕೆ ಬರೆಯುತ್ತಿದ್ದೀರಿ? ಟಿಕೆಟ್ ಮಾರಾಟಕ್ಕೋ, ಜಾಹೀರಾತಿನವರ ಮುಲಾಜಿಗೋ?

ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಗಂಡನಿಗೆ ಹೇಳಲೇಬೇಕಿತ್ತು. ನಿನ್ನೆ ಕಾಫಿ ಕೊಟ್ಟು, ಎದುರು ಕೂತು ಓದಿದೆ. ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಅದು ಪ್ಯಾಡಿಗೆ ಬಿದ್ದಿದ್ದು ಅಂತ ನಂಗೂ ಗೊತ್ತಿತ್ತು ಕಣೇ ಮೇರಿ. ಸುಮ್ನಿದ್ಬುಟ್ಟೆ. ಒಳಗೊಳಗೇ ಸಾಕಾಗೋಗಿತ್ತು. ಯಾರಾದ್ರೂ ಒಬ್ರು ಬಂದು, ಪೌಲಣ್ಣ, ಸಾಕು ಕೂತ್ಕೊ ಅಂತಾರೇನೋ ಅಂತ ಇಡೀ ವರ್ಷ ಕಾಯ್ತಿದ್ದೆ. ಯಾರೂ ಅನ್ನಲಿಲ್ಲ."

ಮಾನ್ಯರೇ, ಶುಕ್ರವಾರ ಮೂರನೇ ಕ್ರಮಾಂಕಕ್ಕೆ ಅಭಿನವನ ಹೆಸರು ಬರೆಯಿರಿ. ಅದಕ್ಕೂ ಮೊದಲು ನಮ್ಮ ತಾರೆಯ ಮನೆಗೆ ತಾವೇ ಹೋಗಿ, ಎದುರು ಕೂತು, ಸಾಕು ಎಂದು ಹೇಳಿ. ಪತ್ರಿಕಾ ಹೇಳಿಕೆ ಬೇಡ, ಫೋನೂ ಬೇಡ. ಯಾರಿಗೆ ಗೊತ್ತು, ಅವರೂ ಕಾಯುತ್ತಿರಬಹುದು.

ಇಂತಿ,
ಹತ್ತೊಂಬತ್ತು ವರ್ಷ ತಡವಾಗಿ ಬಾಯಿಬಿಟ್ಟ
ಸಹಾಯಮೇರಿ, ಸ್ಕೋರರ್
ಮೈಸೂರು