ಯಂತ್ರಕ್ಕೆ ಸಿಕ್ಕ ಪೊರೆ

ನವೆಂಬರ್ ೧೪, ಗುರುವಾರ. ಮೋಡ, ಕೊರೆಯುವ ಚಳಿ.

ಎಲ್ಲ ಆ ದರಿದ್ರ ಯಂತ್ರದಿಂದ. ನಾಳೆ ನನ್ನ ಹೆಂಡತಿ ತೊಮೊಯೆಗೆ ಆಪರೇಷನ್. ಆಸ್ಪತ್ರೆಗೆ ಕಟ್ಟುವ ಯೆನ್ ತೆಗೆಯಲು ಬ್ಯಾಂಕಿನ ಯಂತ್ರಕ್ಕೆ ಪಾಸ್‌ಬುಕ್ ತೂರಿಸಿದೆ. ಅದು ಒಳಗೆ ತಾನೇ ಹಾಳೆ ಮಗುಚುವ ಸದ್ದು ಕೇಳಿಸಿತು, ಆಮೇಲೆ ಏನೋ ಹರಿದ ಸದ್ದು.

ಹಾಳೆಗಳ ನಡುವೆ ಅವಳು ಹಾವಿನ ಪೊರೆ ಇಟ್ಟದ್ದು ನನಗೆ ಮರೆತೇ ಹೋಗಿತ್ತು. ಬೆಂಜಾಯ್‌ತೆನ್ ಎಂಬ ಸಂಪತ್ತಿನ ದೇವಿಯ ಬಿಳಿ ಹಾವಿನದಂತೆ. ದುಡ್ಡು ನಿಲ್ಲಲಿ ಎಂದು ಇಟ್ಟದ್ದು, ಕಾಯಿಲೆ ಬಂದ ಮೇಲೆ ಅವಳ ಜೀವಕ್ಕೇ ಕಾವಲಾಯಿತು.

ಬ್ಯಾಂಕಿನ ಹುಡುಗಿ ಯಂತ್ರ ಬಿಚ್ಚಿ, ರೋಲರಿಗೆ ಸುತ್ತಿಕೊಂಡ ಚೂರುಗಳನ್ನು ಚಿಮಟದಿಂದ ಕಿತ್ತಳು. "ತಾತ, ಇದರೊಳಗೆ ಇಂಥದ್ದೆಲ್ಲ ಇಡ್ತಾರಾ?"

"ಹಾಳೆ ಮಗುಚೋಕೆ ನನಗೇನು ಕೈ ಇರ್ಲಿಲ್ವೇನಮ್ಮ?" ಎಂದು ರೇಗಿದೆ. ಚೂರುಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದೆ.

ಸಂಜೆ ಆಸ್ಪತ್ರೆಯಲ್ಲಿ ಅವಳು ಮೊದಲು ಕೇಳಿದ್ದೇ ಅದು. "ರೀ, ಪೊರೆ ಹಾಗೇ ಇದೆ ತಾನೆ?"

"ಇದೆ. ಅದೇನು ಹರಿದುಕೊಂಡು ಹೋಗುತ್ತಾ?"

"ಹಾಗಾದ್ರೆ ಅವ್ರು ಎಷ್ಟು ಬೇಕಾದ್ರೂ ಕೊಯ್ಲಿ, ನನಗೆ ಭಯ ಇಲ್ಲ. ಬೆಳಿಗ್ಗೆ ತಂದ್ಕೊಡಿ, ಒಳಗೆ ಕರ್ಕೊಂಡು ಹೋಗೋವರೆಗೂ ಹಿಡ್ಕೊಂಡಿರ್ತೀನಿ."

ಅಂಟು ಹಚ್ಚಿ ಕೂಡಿಸಲು ನೋಡುತ್ತಿದ್ದೇನೆ. ಮುಟ್ಟಿದರೆ ಪುಡಿಯಾಗುತ್ತಿದೆ. ತಲೆಯ ಭಾಗ ಎಲ್ಲೂ ಕಾಣುತ್ತಿಲ್ಲ. ಅದು ಇನ್ನೂ ಆ ಯಂತ್ರದೊಳಗೇ ಇರಬೇಕು.